ನಾಲ್ಕನೇ ಹೆಲ್ಮೆಟ್ಟಿನ ವಾಕ್ಯವನ್ನು ಕೊಂದವರು ಯಾರು?

ಶಾಲಾ ವಿಜ್ಞಾನ ಪ್ರದರ್ಶನ ಸಮಿತಿಯ ಮಾನ್ಯ ಅಧ್ಯಕ್ಷರೇ,

ಮೊದಲು ತಪ್ಪೊಪ್ಪಿಗೆ. ಕಳೆದ ತಿಂಗಳು ನನ್ನ ಸ್ವಂತ ಮನೆಯಲ್ಲಿ, ಊಟದ ಮೇಜಿನ ಮೇಲೆ, ಹೆಂಡತಿ ಮಗಳ ಕಣ್ಣೆದುರೇ, ಪೂರ್ಣ ಸ್ವಸ್ಥಚಿತ್ತನಾಗಿ ನಾನು ನಾನೂರಕ್ಕೂ ಹೆಚ್ಚು ನಿರಪರಾಧಿಗಳನ್ನು ಕೊಂದಿದ್ದೇನೆ. ಆಯುಧ, ಕೆಂಪು ಪೆನ್ನು. ಸತ್ತವರು, ಒಂಬತ್ತನೇ ತರಗತಿಯ ನನ್ನ ಮಗಳು ಬರೆದ ವಿಜ್ಞಾನ ಪ್ರಾಜೆಕ್ಟಿನ ವರದಿಯ ಪದಗಳು. ಕುಮ್ಮಕ್ಕು, ತಮ್ಮದು. ‘ವರದಿಯು ಐನೂರು ಪದಗಳನ್ನು ಮೀರಕೂಡದು, ಮೀರಿದ್ದನ್ನು ಓದಲಾಗುವುದಿಲ್ಲ’ ಎಂದು ಸುತ್ತೋಲೆ ಹೊರಡಿಸಿದವರು ತಾವು. ಸುಪಾರಿ ಕೊಟ್ಟವರು ಕುರ್ಚಿಯಲ್ಲಿ ಕೂತಿರುವಾಗ ಚೂರಿ ಹಿಡಿದವನೊಬ್ಬನೇ ಕಟಕಟೆ ಹತ್ತುವುದು ಯಾವ ನ್ಯಾಯ?

ದೂರು ಚಿಕ್ಕದು. ಕತ್ತರಿಸು ಎಂದಿರಿ, ಕತ್ತರಿಸಿದೆವು. ಆಮೇಲೆ ಆ ಕತ್ತರಿಸಿದ ಜಾಗಕ್ಕೇ ಬೆರಳಿಟ್ಟು ‘ಇಲ್ಲೇನೋ ಇಲ್ಲವಲ್ಲ’ ಎಂದು ನನ್ನ ಮಗಳನ್ನು ಅಂತಿಮ ಸುತ್ತಿನಿಂದ ಹೊರಗಟ್ಟಿದಿರಿ. ಕೈ ಕಡಿದವರೇ ಚಪ್ಪಾಳೆ ತಟ್ಟಲಿಲ್ಲವೆಂದು ದಂಡ ಹಾಕಿದಂತಾಯಿತು. ಅಂತಿಮ ಸುತ್ತು ಮುಂದಿನ ವಾರ. ಹಾಗಾಗಿ ನಯವಾಗಿ ಬರೆಯುವಷ್ಟು ಸಮಯ ನನ್ನಲ್ಲಿಲ್ಲ.

ನನ್ನ ಅರ್ಹತೆಯ ಬಗ್ಗೆ ಎರಡು ಮಾತು. ನಾನು ಪತ್ರಿಕೆಯೊಂದರ ಸುದ್ದಿಮನೆಯಲ್ಲಿ ಉಪಸಂಪಾದಕ. ಬೇರೆಯವರು ಬೆವರು ಸುರಿಸಿ ಬರೆದದ್ದನ್ನು ತಣ್ಣಗೆ ಕೂತು ಕತ್ತರಿಸುವುದು ನನ್ನ ಕೆಲಸ. ವರದಿಗಾರರು ನನ್ನನ್ನು ‘ಕಟುಕ’ ಎಂದು ಕರೆಯುತ್ತಾರೆ. ಬೆನ್ನ ಹಿಂದೆ ಅಲ್ಲ, ಎದುರಿಗೇ, ಕೆಲವರು ‘ಅವರೇ’ ಸೇರಿಸಿ. ಮಂತ್ರಿಗಳ ಭಾಷಣವನ್ನು ನಾಲ್ಕು ಸಾಲಿಗೆ ಇಳಿಸಿದ್ದೇನೆ. ನಮ್ಮ ಮಾಲೀಕರ ಷಷ್ಟ್ಯಬ್ದಿಯ ಸುದ್ದಿಯಲ್ಲಿ ಮಾಲೀಕರನ್ನೇ ಅರ್ಧ ಕತ್ತರಿಸಿದ್ದೇನೆ. ನನ್ನ ಕತ್ತರಿಗೆ ಬಂಧುವಿಲ್ಲ, ವೈರಿಯಿಲ್ಲ. ಇಷ್ಟು ವರ್ಷಗಳಲ್ಲಿ ಸ್ವಂತ ಲಾಭಕ್ಕಾಗಿ ಒಂದು ಅಲ್ಪವಿರಾಮವನ್ನೂ ನಾನು ತೆಗೆದವನಲ್ಲ. ಈ ಮಾತನ್ನು ದಯವಿಟ್ಟು ಅಡಿಗೆರೆ ಎಳೆದು ಓದಿ.

ಇನ್ನು ಪ್ರಾಜೆಕ್ಟು. ಹೆಲ್ಮೆಟ್ ಎಷ್ಟು ಪೆಟ್ಟು ತಡೆಯುತ್ತದೆ ಎಂಬುದು ನನ್ನ ಮಗಳ ಪ್ರಶ್ನೆ. ಬೇರೆ ಮಕ್ಕಳು ಹತ್ತಿಯ ಮೋಡ, ಥರ್ಮೋಕೋಲಿನ ಜ್ವಾಲಾಮುಖಿ ಮಾಡುತ್ತಿದ್ದಾಗ ಇವಳು ತಲೆ ಒಡೆಯುವ ಯೋಜನೆ ಹಾಕಿದಳು. ಮನುಷ್ಯರ ತಲೆ ಸಿಗದಿದ್ದರಿಂದ ಕಲ್ಲಂಗಡಿ. ನನ್ನ ಭಾವಮೈದುನ, ಅಂದರೆ ಅವಳ ಮಾವ, ಸ್ಕೂಟರ್ ಮೆಕ್ಯಾನಿಕ್. ಅವನ ಗ್ಯಾರೇಜಿನ ಅಟ್ಟದಲ್ಲಿ ಮಾರಾಟವಾಗದೆ ಉಳಿದಿದ್ದ ಮೂರು ಹೆಲ್ಮೆಟ್ಟುಗಳನ್ನು ಕೊಟ್ಟ. ಅದೇ ಕಂಪನಿಯ, ಅದೇ ವರ್ಷದ ನಾಲ್ಕನೆಯದೊಂದು ನಮ್ಮ ಮನೆಯಲ್ಲೇ ಸಿಕ್ಕಿತು. ಒಂದೊಂದರೊಳಗೂ ಒಂದೊಂದು ಕಲ್ಲಂಗಡಿ ಕೂರಿಸಿ, ಗದ್ದಕ್ಕೆ ಕಟ್ಟುವ ಪಟ್ಟಿಯನ್ನು ಬಿಗಿದು, ಮೆಟ್ಟಿಲ ಕೆಳಗಿಟ್ಟು, ಎರಡನೇ ಮಹಡಿಯಿಂದ ಮಾವ ಕಬ್ಬಿಣದ ಗುಂಡನ್ನು ಕೊಳವೆಯೊಂದರೊಳಗೆ ನೇರವಾಗಿ ಇಳಿಬಿಡುವುದು. ನಾನು ಕೆಳಗೆ ನಿಂತು ಉಸ್ತುವಾರಿ ಮಾಡುವುದು, ಅಂದರೆ ಅಡ್ಡ ನಿಲ್ಲುವುದು.

“ಭಾವ, ಸ್ವಲ್ಪ ಆ ಕಡೆ ಹೋಗಿ. ನಿಮ್ಮ ತಲೆಗೆ ನಾವಿನ್ನೂ ಪಟ್ಟಿ ಕಟ್ಟಿಲ್ಲ!” ಎಂದು ಮೇಲಿಂದ ಕೂಗಿದ.

ಮೊದಲ ಗುಂಡು ಬಿತ್ತು. ಇಡೀ ಕಟ್ಟಡ ಅದುರಿತು. ಹೆಲ್ಮೆಟ್ಟಿಗೆ ಸೀಳು ಬಿತ್ತು. ಬಿಚ್ಚಿ ನೋಡಿದರೆ ಹಣ್ಣು ಮದುಮಗನಂತೆ ಕೂತಿತ್ತು. ಎರಡನೆಯದೂ ಹಾಗೇ. ಮೂರನೆಯದೂ ಹಾಗೇ. ನಾಲ್ಕನೆಯದಕ್ಕೆ ಅದೇ ಎತ್ತರದಿಂದ ಅದೇ ಗುಂಡು ಬಿದ್ದಾಗ ಬೇರೆಯೇ ಸದ್ದು ಬಂತು. ಹೆಲ್ಮೆಟ್ ಇಬ್ಭಾಗವಾಯಿತು, ಒಳಗಿನ ಹಣ್ಣು ಸಿಡಿದು ಗೋಡೆ, ಮೆಟ್ಟಿಲು, ಮೀಟರ್ ಪೆಟ್ಟಿಗೆ, ನನ್ನ ಅಂಗಿ ಎಲ್ಲ ಕೆಂಪಾಯಿತು. ಕೆಳಮನೆಯ ನಿವೃತ್ತ ಕಾಂಪೌಂಡರ್ ಬಾಗಿಲು ತೆರೆದವರೇ ಗೋಡೆ ನೋಡಿದರು, ನನ್ನ ಅಂಗಿ ನೋಡಿದರು, “ಅಯ್ಯೋ, ಹೆಂಡತಿ ಎಲ್ರೀ?” ಎಂದರು. ಹೆಂಡತಿ ಮೇಲಿಂದ ಇಣುಕಿ “ಇದ್ದೀನಿ, ಇನ್ನೂ ಇದ್ದೀನಿ” ಎಂದಳು. ಅವರು ಆ ‘ಇನ್ನೂ’ ಕೇಳಿಸಿಕೊಂಡು ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿಕೊಂಡರು.

ನಾಲ್ಕನೆಯದು ಮಾತ್ರ ಯಾಕೆ ಒಡೆಯಿತು? ನನ್ನ ಮಗಳು ಅದರ ಒಳಪದರವನ್ನು ಕಿತ್ತು ನೋಡಿದಳು. ಹೆಬ್ಬೆರಳಿನಷ್ಟು ದಪ್ಪ ಇರಬೇಕಾದ ಬಿಳಿ ಫೋಮು ಒಂದು ಕಡೆ ರಟ್ಟಿನಷ್ಟು ತೆಳ್ಳಗೆ ಜಜ್ಜಿಹೋಗಿತ್ತು. ಆ ಹೆಲ್ಮೆಟ್ ಈ ಹಿಂದೆಯೇ ಒಮ್ಮೆ, ಒಳಗೆ ತಲೆ ಇರುವಾಗಲೇ, ನೆಲಕ್ಕೆ ಬಡಿದಿತ್ತು. ಹೊರಗೆ ಒಂದು ಗೀರೂ ಇರಲಿಲ್ಲ. ಒಳಗೆ ಪ್ರಾಣ ಹೋಗಿತ್ತು. ಒಮ್ಮೆ ಪೆಟ್ಟು ತಿಂದ ಹೆಲ್ಮೆಟ್ ಎರಡನೇ ಸಲ ತಲೆ ಕಾಯುವುದಿಲ್ಲ ಎನ್ನುವುದನ್ನು ಆ ಹುಡುಗಿ ಪುಸ್ತಕದಿಂದ ಓದಲಿಲ್ಲ, ಗೋಡೆಯಿಂದ ಓದಿದಳು. ಆ ಮೊದಲ ಪೆಟ್ಟಿನ ಸಂಗತಿಯನ್ನು ವರದಿಯಲ್ಲಿ ಒಂದೇ ವಾಕ್ಯದಲ್ಲಿ ಬರೆದಳು. ಆ ವಾಕ್ಯವೇ ಪ್ರಾಜೆಕ್ಟು. ಉಳಿದದ್ದೆಲ್ಲ ಕಲ್ಲಂಗಡಿ.

ಆಗ ಬಂತು ತಮ್ಮ ಸುತ್ತೋಲೆ. ಪದಮಿತಿಯ ಮಹತ್ವವನ್ನು ಆರು ಪುಟಗಳಲ್ಲಿ ವಿವರಿಸಿದ್ದೀರಿ. ‘ಸಂಕ್ಷಿಪ್ತತೆ, ಕ್ಲುಪ್ತತೆ ಹಾಗೂ ಸಾರಾಂಶತೆಗಳನ್ನು ಪಾಲಿಸುವುದು’ ಎಂದು ಒಂದೇ ಮಾತನ್ನು ಮೂರು ಸಲ ಹೇಳಿ ನಮಗೆ ಮಿತವಾಗಿರಲು ಕಲಿಸಿದ್ದೀರಿ. ಇದು ಪದಮಿತಿಯೋ ಮತಿಮಿತಿಯೋ ಎಂದು ನಾನು ಕೇಳುವುದಿಲ್ಲ. ಕೇಳಿದ್ದೇನೆ, ಬಿಡಿ.

ಮಗಳ ವರದಿ ಒಂಬೈನೂರು ಪದ ದಾಟಿತ್ತು. “ಅಪ್ಪಾ, ನೀನೇ ಮಾಡ್ಕೊಡು. ಆಫೀಸಲ್ಲಿ ದಿನಾ ಮಾಡ್ತೀಯಲ್ಲ” ಎಂದಳು. ಅಂಗಿಯ ತೋಳು ಮಡಿಚಿದೆ. ಮೊದಲು ವಂದನೆಗಳ ಕತ್ತು ಕತ್ತರಿಸಿದೆ; ಮುಖ್ಯೋಪಾಧ್ಯಾಯಿನಿ, ವಿಜ್ಞಾನದ ಟೀಚರು, ಹಣ್ಣಿನಂಗಡಿಯವನು ಸಾಲಾಗಿ ಬಿದ್ದರು. ವಿಶೇಷಣಗಳನ್ನು ಗೋಡೆಗೆ ನಿಲ್ಲಿಸಿ ಗುಂಡಿಕ್ಕಿದೆ. ‘ಮತ್ತು’ಗಳ ಕೈಕಾಲು ಕಟ್ಟಿ ಬಾವಿಗೆ ಹಾಕಿದೆ. ಅಕ್ಕಪಕ್ಕ ನಿಂತ ಪದಗಳ ತಲೆಗೆ ತಲೆ ಬಡಿದು, ಬಲವಂತವಾಗಿ ಸಮಾಸ ಮಾಡಿ, ಎರಡನ್ನು ಒಂದೆಂದು ಲೆಕ್ಕ ಕೊಟ್ಟೆ. ‘ಕಬ್ಬಿಣಗುಂಡುಬೀಳುವಿಕೆ’ ಎಂಬ ಪ್ರಾಣಿ ಆ ದಿನ ನಮ್ಮ ಮೇಜಿನ ಮೇಲೆ ಹುಟ್ಟಿತು. ಪದಚ್ಯುತಿ ಎಂಬುದು ಅಧಿಕಾರಿಗಳಿಗೆ ಮಾತ್ರ, ಅದೂ ಅಪರೂಪಕ್ಕೆ, ಆಗುವ ಸಂಗತಿ ಎಂದುಕೊಂಡಿದ್ದೆ. ಒಂದೇ ಸಂಜೆಯಲ್ಲಿ ನೂರಾರು ಮಾಡಿದೆ. ಮಗಳು ಒಂದೊಂದಕ್ಕೂ “ಅಯ್ಯೋ ಅದು ಬೇಕಪ್ಪಾ” ಎನ್ನುತ್ತಿದ್ದಳು. “ಬೇಕು ಅನ್ನೋದನ್ನೇ ಕತ್ತರಿಸೋದು ಮಗಳೇ, ಬೇಡದ್ದನ್ನ ಯಾರು ಬೇಕಾದ್ರೂ ಕತ್ತರಿಸ್ತಾರೆ” ಎಂದು ನಾನು ಉಪದೇಶ ಕೊಡುತ್ತಿದ್ದೆ. ಅವಳು ಮಲಗಲು ಹೋದಳು. ಉಳಿದದ್ದನ್ನು ಮುಗಿಸಿದೆ. ಬೆಳಿಗ್ಗೆ ನಾನೇ ಟೈಪು ಮಾಡಿಸಿ ತಮ್ಮ ಕಚೇರಿಗೆ ಮುಟ್ಟಿಸಿದೆ. ಕೂದಲು ತೂರಿಸಲೂ ಜಾಗವಿಲ್ಲದಂತೆ ಐನೂರರ ಅಂಚಿಗೆ ತಂದು ನಿಲ್ಲಿಸಿದ್ದೆ. ಆ ಇಕ್ಕಟ್ಟಿನಲ್ಲಿ, ಆ ನೂಕುನುಗ್ಗಲಿನಲ್ಲಿ, ನಾಲ್ಕನೇ ಹೆಲ್ಮೆಟ್ಟಿನ ವಾಕ್ಯವೂ ಕಾಲಡಿಗೆ ಸಿಕ್ಕಿ ಸತ್ತಿತು.

ಮೌಖಿಕ ಪರೀಕ್ಷೆಯ ದಿನ ತಮ್ಮ ತೀರ್ಪುಗಾರರು ಕೇಳಿದ ಮೊದಲ ಪ್ರಶ್ನೆಯೇ ಅದು: “ನಾಲ್ಕನೆಯದು ಯಾಕಮ್ಮ ಒಡೀತು?”

ಮಗಳು “ವರದಿಯಲ್ಲಿ ಬರ್ದಿದ್ದೀನಿ ಸರ್” ಎಂದಳು.

“ಎಲ್ಲಿ? ತೋರಿಸು.”

ಅವಳು ಹುಡುಕಿದಳು. ಹಾಳೆ ತಿರುಗಿಸಿದಳು. ಹಿಂದೆ ಪಾಲಕರ ಸಾಲಿನಲ್ಲಿ ಕೂತಿದ್ದ ನನ್ನತ್ತ ತಿರುಗಿ ನೋಡಿದಳು. ಆಮೇಲೆ “ಬಾಯಲ್ಲಿ ಹೇಳ್ತೀನಿ ಸರ್, ಅದು ಮೊದಲೇ ಒಂದು ಸಲ...” ಎಂದು ಶುರು ಮಾಡಿದಳು. ತೀರ್ಪುಗಾರರು ಕೈಯೆತ್ತಿದರು. “ವರದಿಯಲ್ಲಿ ಇಲ್ಲದ್ದನ್ನ ಹೇಳೋ ಹಾಗಿಲ್ಲ. ನಿಯಮ. ಕೂತ್ಕೋ.”

ಮಾನ್ಯರೇ, ವಿಜ್ಞಾನ ಎಂದರೆ ‘ಯಾಕೆ’ ಎಂದು ಕೇಳುವುದು ಎಂದು ತಮ್ಮ ಸುತ್ತೋಲೆಯ ಮೂರನೇ ಪುಟದಲ್ಲಿದೆ. ‘ಯಾಕೆಂದರೆ’ ಎಂದು ಬಾಯಿ ತೆರೆದ ಮಗುವನ್ನು ಕೂರಿಸುವುದು ಎಷ್ಟನೇ ಪುಟದಲ್ಲಿದೆ? ತಮ್ಮ ಷರಾ ನನ್ನ ಬಳಿ ಇದೆ: ‘ಅಸಂಗತ ಫಲಿತಾಂಶಕ್ಕೆ ಕಾರಣ ನೀಡಿಲ್ಲ. ಅಜಾಗರೂಕ ಕೆಲಸ.’ ಅಜಾಗರೂಕ! ಒಂದೊಂದು ಗುಂಡು ಬೀಳುವ ಮೊದಲೂ ಕೊಳವೆ ನೆಟ್ಟಗಿದೆಯೇ ಎಂದು ನೂಲು ಇಳಿಬಿಟ್ಟು ನೋಡಿದ ಹುಡುಗಿಗೆ ಆ ಪದ. ಮನೆಗೆ ಬಂದವಳೇ ಒಡೆದ ಹೆಲ್ಮೆಟ್ಟಿನ ಅರ್ಧವನ್ನೆತ್ತಿ ಗೋಡೆಗೆ ಬೀಸಿದಳು. ಗಾರೆ ಕಿತ್ತುಬಂತು. ಗಡಿಯಾರ ಬಿತ್ತು. ಮಾವ ತಡೆಯಲು ಹೋಗಿ ಮೊಣಕೈಗೆ ಪೆಟ್ಟು ತಿಂದ.

“ಎಲ್ಲಿ ಹೋಯ್ತಪ್ಪಾ ನನ್ನ ವಾಕ್ಯ?”

“ಮಿತಿ ಮಗಳೇ, ಮಿತಿ. ನಾನೇನು ಮಾಡ್ಲಿ, ಆ ಸಮಿತಿಯವರು ರಾಕ್ಷಸರು” ಎಂದೆ.

ಮರುದಿನ ತಮ್ಮ ಕಚೇರಿಗೆ ಬಂದು ಕಿಟಕಿಯ ಗುಮಾಸ್ತರನ್ನು ಕಂಡೆ. ಕಡತ ತೋರಿಸಿ ಎಂದೆ. ತೋರಿಸುವ ಹಾಗಿಲ್ಲ ಎಂದರು. ಕೈ ಒಳಗೆ ಹಾಕಿ ಕಡತದ ಈ ತುದಿ ಹಿಡಿದೆ. ಅವರು ಆ ತುದಿ ಹಿಡಿದರು. “ಬಿಡ್ರೀ!” “ನೀವು ಬಿಡ್ರೀ!” ಎಂದು ಇಬ್ಬರು ನಡುವಯಸ್ಕರು ಹಗ್ಗಜಗ್ಗಾಟ ಆಡಿದೆವು. ಕಡತ ಹರಿದು ಅವರು ಕುರ್ಚಿ ಸಮೇತ ಹಿಂದಕ್ಕೆ ಮಗುಚಿದರು, ನನ್ನ ಹಣೆ ಕಿಟಕಿಯ ಸರಳಿಗೆ ಬಡಿಯಿತು. ಸರಳು ಈಗಲೂ ಸ್ವಲ್ಪ ಬಾಗಿದೆ, ದಯವಿಟ್ಟು ಪರಿಶೀಲಿಸಿ. “ತಲೆಗೆ ಏನಾದ್ರೂ ಹಾಕ್ಕೊಂಡು ಬರಬಾರದಾ ಸಾರ್?” ಎಂದು ನೆಲದಿಂದಲೇ ಕೇಳಿದ ಆ ಗುಮಾಸ್ತರ ಹಾಸ್ಯಪ್ರಜ್ಞೆಗೆ ನಮಸ್ಕಾರ. ಅವರ ಬೆನ್ನುನೋವಿಗೆ ವಿಷಾದ.

ಆದ್ದರಿಂದ ನನ್ನ ಬೇಡಿಕೆ. ಮುಂದಿನ ವಾರ ನನ್ನ ಮಗಳನ್ನು ಕರೆಯಿರಿ. ನಾಲ್ಕನೆಯದು ಯಾಕೆ ಒಡೆಯಿತು ಎಂದು ಮತ್ತೊಮ್ಮೆ ಕೇಳಿ. ಕೇಳಿದ ಮೇಲೆ ಉತ್ತರ ಮುಗಿಯುವವರೆಗೂ ಸುಮ್ಮನಿರಿ. ‘ಅಜಾಗರೂಕ’ ಎಂಬ ಪದವನ್ನು ತಮ್ಮ ಷರಾದಿಂದ ಕತ್ತರಿಸಿ; ಪೆನ್ನು ಬೇಕಾದರೆ ನನ್ನದನ್ನೇ ಕಳಿಸುತ್ತೇನೆ. ಪದ ಹೋಗಲಿ, ಪದಕವೂ ಹೋಗಲಿ, ಆ ಉತ್ತರ ಹೋಗಬಾರದು. ಆ ಸಭಾಂಗಣಕ್ಕೆ ಹೆಲ್ಮೆಟ್ ಹಿಡಿದು ಬರುವ ಪಾಲಕರಲ್ಲಿ ಎಷ್ಟು ಜನರದ್ದು ಒಮ್ಮೆ ಬಿದ್ದೆದ್ದದ್ದೋ, ಯಾರಿಗೆ ಗೊತ್ತು?

ಪತ್ರ ಇಲ್ಲಿಗೆ ಮುಗಿದಿತ್ತು. ಸಹಿಯೂ ಹಾಕಿದ್ದೆ. ಲಕೋಟೆಗೆ ಅಂಟು ಹಚ್ಚುವಾಗ ಮಗಳು ಓದುತ್ತೇನೆಂದು ಕೇಳಿದಳು. ಹೆಮ್ಮೆಯಿಂದಲೇ ಕೊಟ್ಟೆ. ನಿಂತುಕೊಂಡೇ ಕೊನೆಯವರೆಗೂ ಓದಿದಳು, ಒಂದೆರಡು ಕಡೆ ನಕ್ಕಳು ಕೂಡ. ಆಮೇಲೆ “ಇದರಲ್ಲೂ ಒಂದು ವಾಕ್ಯ ಕಡಿಮೆ ಇದೆ ಅಪ್ಪಾ” ಎಂದಳು.

“ಯಾವುದು?”

“ನೀನು ಕೊಟ್ಟ ವರದಿಯ ಪ್ರತಿ ಸಿಕ್ತು. ಎಣಿಸ್ದೆ. ಇನ್ನೂ ಇಪ್ಪತ್ತು ಪದಕ್ಕೆ ಜಾಗ ಇತ್ತು. ನನ್ನ ವಾಕ್ಯ ಬರೀ ಹದಿನಾಲ್ಕು.”

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಹೆಂಡತಿ ಕಿವಿಗೊಟ್ಟಿದ್ದಾಳೆ ಎಂದು ಗೊತ್ತಾಯಿತು. ನಾನು ಏನೋ ಹೇಳಲು ಹೋದೆ. ಮಗಳು ಬಿಡಲಿಲ್ಲ.

“ನಗೋರು ನಗ್ಲಿ ಅಂತ ಬಿಡಬೇಕಿತ್ತು. ಆ ಹೆಲ್ಮೆಟ್ ಹಾಕ್ಕೊಂಡು ನೀನು ದಿನಾ ಆಫೀಸಿಗೆ ಹೋಗ್ತಿದ್ದೆ. ಗೋಡೆ ಮೇಲಿದ್ದದ್ದು ಕಲ್ಲಂಗಡಿ ಅಲ್ಲ ಅಪ್ಪಾ, ನೀನು.”

ಆ ವಾಕ್ಯ ಹಾಕದೆ ಲಕೋಟೆ ಅಂಟಿಸಬಾರದು ಎಂದು ಅವಳ ಷರತ್ತು. ಹಾಕುತ್ತಿದ್ದೇನೆ, ಅವಳು ಬರೆದ ಹಾಗೆಯೇ, ಒಂದಕ್ಷರವನ್ನೂ ಕತ್ತರಿಸದೆ: ‘ನಾಲ್ಕನೇ ಹೆಲ್ಮೆಟ್ ನನ್ನ ಅಪ್ಪನದು, ನಿಂತಿದ್ದ ಸ್ಕೂಟರಿನ ಮೇಲಿಂದ ಅದನ್ನು ಧರಿಸಿಯೇ ಬಿದ್ದು ಅವರು ನೆಲಕ್ಕೆ ತಲೆ ಬಡಿಸಿಕೊಂಡಿದ್ದರು.’

ಹೌದು, ಸ್ಕೂಟರ್ ನಿಂತಿತ್ತು. ಭಾವಮೈದುನನ ಗ್ಯಾರೇಜಿನಲ್ಲಿ, ಸ್ಟ್ಯಾಂಡ್ ಹಾಕಿ. ತಿರುವಿನಲ್ಲಿ ಹೇಗೆ ವಾಲಬೇಕು ಎಂದು ಮೆಕ್ಯಾನಿಕ್ಕನಿಗೆ ನಾನು ಕಲಿಸುತ್ತಿದ್ದೆ. ಹೆಂಡತಿಗೆ ಲಾರಿ ಉಜ್ಜಿಕೊಂಡು ಹೋಯಿತು ಎಂದಿದ್ದೆ. ಆ ಲಾರಿಯನ್ನೂ ಈ ಮೂಲಕ ಹಿಂದಕ್ಕೆ ಪಡೆಯುತ್ತೇನೆ. ಮೇಲೆ ಅಡಿಗೆರೆ ಎಳೆಯಲು ಹೇಳಿದ್ದೆನಲ್ಲ, ಆ ಗೆರೆಯನ್ನು ಸ್ವಲ್ಪ ಮೇಲಕ್ಕೆ ಸರಿಸಿ ಆ ಸಾಲನ್ನೇ ಹೊಡೆದುಹಾಕಿ. ಬೇಡಿಕೆ ಮಾತ್ರ ಹಾಗೇ ಇರಲಿ, ಅದು ಅವಳದು.

ಇಂತಿ,
ಚಲಿಸದ ವಾಹನದ ಅಪಘಾತದಲ್ಲಿ ಬದುಕುಳಿದ,
ಹೊಸ ಹೆಲ್ಮೆಟ್ಟಿನ ಕಟುಕ
(ಪ್ರತಿಯನ್ನು ಓದಿ, ಎಣಿಸಿ, ಕಳಿಸಲು ಒಪ್ಪಿದವರು: ಮಗಳು)