ನಲವತ್ತೊಂದು ದಿನದ ನೀರು

ಮಾರ್ಚ್ ೧೪, ಶುಕ್ರವಾರ

ಪ್ರೀತಿಯ ಅಕ್ಕನಿಗೆ,

ನಿನ್ನ ಪತ್ರ ಬಂದು ಎರಡು ತಿಂಗಳಾಯಿತು. ಬೈಯುವುದಿದ್ದರೆ ಈಗಲೇ ಬೈದು ಮುಗಿಸಿ ಮುಂದೆ ಓದು. ಮಂಡಿನೋವು ಹೇಗಿದೆ? ಭಾವನವರು ಏಣಿ ಹತ್ತಿ ಬಲ್ಬು ಬದಲಾಯಿಸುವ ಚಟ ಬಿಟ್ಟರೋ ಇಲ್ಲವೋ?

ಇಷ್ಟು ದಿನ ನಾನು ಅಪ್ಪನ ಪುಸ್ತಕಗಳಲ್ಲಿ ಮುಳುಗಿದ್ದೆ. ಬಂದರಿನ ಕಟ್ಟೆಗೆ ಬಡಿದ ಅಳತೆಕೋಲು ನೋಡಿ, ನೀರು ಎಷ್ಟಿದೆ ಎಂದು ದಿನಕ್ಕೆ ನಾಲ್ಕು ಸಲದಂತೆ ಮೂವತ್ತನಾಲ್ಕು ವರ್ಷ ಬರೆದರಲ್ಲ, ಆ ಪುಸ್ತಕಗಳೆಲ್ಲ ಈಗ ನಮ್ಮ ಕಚೇರಿಯಲ್ಲಿವೆ. ಕಂಪ್ಯೂಟರಿಗೆ ಏರಿಸುವ ಕೆಲಸ ನನ್ನದು. ಹಿಮಯುಗದಲ್ಲಿ ಸಮುದ್ರ ನೂರಿಪ್ಪತ್ತು ಮೀಟರ್ ಕೆಳಗಿತ್ತು ಎಂದು ಹೇಳಲು ನಮಗೆ ಹವಳ, ಕೆಸರು, ಚಿಪ್ಪು ಸಾಕು. ಮುಂದಿನ ಐವತ್ತು ವರ್ಷದಲ್ಲಿ ನಮ್ಮ ತಗ್ಗು ಬೀದಿಗಳಿಗೆ ನೀರು ಎಷ್ಟು ಬರುತ್ತದೆ ಎಂದು ಹೇಳಬೇಕಾದರೆ ಮಾತ್ರ, ಯಾರಾದರೂ ಒಂದೇ ಜಾಗದಲ್ಲಿ ನಿಂತು ವರ್ಷಗಟ್ಟಲೆ ನೋಡಿರಬೇಕು. ಇಲ್ಲಿ ಹಾಗೆ ನೋಡಿದವರು ಅಪ್ಪ ಒಬ್ಬರೇ. ಹೊಸ ತಡೆಗೋಡೆ ಎಷ್ಟು ಎತ್ತರವಿರಬೇಕು ಎಂಬುದು ಅವರ ಅಂಕಿಗಳ ಮೇಲೆ ನಿಂತಿದೆ.

ಜನವರಿ ಕೊನೆಯಲ್ಲಿ ಎದುರು ಮೇಜಿನ ಗಣಿತದ ಮೇಷ್ಟ್ರು ಕನ್ನಡಕ ಹಣೆಗೇರಿಸಿಕೊಂಡು ಬಂದರು. ಅವರು ಯಾರಿಗೂ ಪಾಠ ಹೇಳಿದವರಲ್ಲ, ನಾವು ಹಾಗೆ ಕರೆಯುತ್ತೇವೆ ಅಷ್ಟೆ.

"ಇಲ್ನೋಡಿ, ಈ ಪುಸ್ತಕದಲ್ಲಿ ಸಮುದ್ರ ಚಂದ್ರನ ಮಾತೇ ಕೇಳ್ತಿಲ್ಲ. ಅಮಾವಾಸ್ಯೆಗೆ ಉಬ್ಬಬೇಕಾದ ನೀರು ನಾಲ್ಕು ದಿನ ಮುಂಚೆನೇ ಉಬ್ಬಿದೆ."

ಹಿಂದಿನ ವರ್ಷದ ಪುಸ್ತಕ ಪಕ್ಕದಲ್ಲಿಟ್ಟು ನೋಡಿದೆ. ನಲವತ್ತೊಂದು ದಿನಗಳ ಅಂಕಿಗಳನ್ನು ಅಪ್ಪ ಅಲ್ಲಿಂದ ತಾರೀಖಿಗೆ ತಾರೀಖು ನಕಲು ಮಾಡಿದ್ದರು. ಅಮ್ಮ ಆಸ್ಪತ್ರೆ ಸೇರಿದ ದಿನ ಶುರುವಾಗಿ, ತೀರಿಕೊಂಡ ದಿನಕ್ಕೆ ಮುಗಿಯುತ್ತದೆ ಆ ನಕಲು. ಅಷ್ಟೂ ದಿನ ಅವರು ಅಮ್ಮನ ಪಕ್ಕ ಬಿಟ್ಟು ಬಂದರಿನ ಕಡೆ ಹೋಗಿಯೇ ಇಲ್ಲ. ಅವರ ಬದಲು ನೋಡಲು ಇನ್ನೊಬ್ಬರಿಲ್ಲದ ಕೆಲಸ ಅದು, ರಜೆ ಕೇಳಿದ್ದರೆ ಕೊಡುತ್ತಿರಲಿಲ್ಲ.

"ಹೇಳೋದು ಬೇಡ ಬಿಡಿ. ಯಾರ ಕಣ್ಣಿಗೆ ಬೀಳತ್ತೆ?" ಎಂದರು ಮೇಷ್ಟ್ರು.

"ನಿಮ್ಮ ಕಣ್ಣಿಗೆ ಬಿತ್ತಲ್ಲ" ಎಂದೆ.

ಮೇಲಧಿಕಾರಿಗೆ ಹೇಳಿದೆ. ಅವರು ಮುಖ ಗಂಟಿಕ್ಕಿಕೊಂಡರು. "ಒಂದು ಕಡೆ ಸುಳ್ಳು ಬರೆದೋರು ಇನ್ನೆಲ್ಲೂ ಬರೆದಿಲ್ಲ ಅಂತ ಹೇಗೆ ನಂಬೋದು? ಎಲ್ಲಾ ಪುಸ್ತಕ ಬದಿಗಿಡಿ."

ಒಂದು ತಿಂಗಳು ಕೊಡಿ ಎಂದೆ. ಮೇಷ್ಟ್ರೂ ನಾನೂ ಕೂತು ಒಂದೊಂದು ದಿನವನ್ನೂ ಚಂದ್ರನ ಲೆಕ್ಕದ ಜೊತೆ, ಪಕ್ಕದ ಬಂದರಿನ ದಾಖಲೆಯ ಜೊತೆ ಹೋಲಿಸಿದೆವು. ಹನ್ನೆರಡು ಸಾವಿರಕ್ಕೂ ಹೆಚ್ಚು ದಿನ! ಬಿರುಗಾಳಿಯ ದಿನವೂ, ಮುಷ್ಕರದ ವಾರವೂ ಅಪ್ಪ ಅಲ್ಲಿ ನಿಂತು ನೋಡಿಯೇ ಬರೆದಿದ್ದಾರೆ. ಆ ನಲವತ್ತೊಂದು ಬಿಟ್ಟರೆ ಒಂದೂ ಸುಳ್ಳಿಲ್ಲ.

ನಿನ್ನೆ ಅಧಿಕಾರಿ ಸಹಿ ಹಾಕಿದರು. ಆ ದಿನಗಳ ಜಾಗ ಖಾಲಿ, ಉಳಿದದ್ದೆಲ್ಲ ಲೆಕ್ಕಕ್ಕೆ. ಅಪ್ಪನ ಕಾಲದಲ್ಲಿ ಸಮುದ್ರ ಏಳು ಸೆಂಟಿಮೀಟರ್ ಏರಿದೆ. ಈಗಿನ ವೇಗ ಅದರ ಎರಡರಷ್ಟು. ಗೋಡೆ ಮೊದಲು ಅಂದುಕೊಂಡದ್ದಕ್ಕಿಂತ ಒಂದು ಮೊಳ ಎತ್ತರವಾಗಲಿದೆ.

ಭಾವನವರಿಗೆ ನಮಸ್ಕಾರ. ಮಕ್ಕಳು ಚೆನ್ನಾಗಿರಲಿ, ನೂರು ಕಾಲ ಬಾಳಲಿ.

ನಿನ್ನ ತಂಗಿ,
ಗುಬ್ಬಿ

ತಾ.ಕ.: ಒಂದು ವಿಷಯ ನಿನಗೆ ಇದುವರೆಗೂ ಹೇಳಿಲ್ಲ. ಅಮ್ಮ ಹೋಗುವಾಗ ನೀನು ಬಾಣಂತಿ, ನಾನು ಹಾಸ್ಟೆಲಿನಲ್ಲಿ. ಇಬ್ಬರೂ ಹತ್ತಿರ ಇರಲಿಲ್ಲ. ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನು ಆ ದಿನದ ಪುಟ ಹುಡುಕಿ ತೆಗೆದೆ. ಬೆಳಿಗ್ಗೆ ಆರು ಗಂಟೆಯ ಅಂಕಿ ಇತ್ತು. ಅಮ್ಮನ ಉಸಿರು ನಿಂತದ್ದು ಆರೂ ಕಾಲಿಗೆ. ಅಪ್ಪನ ಮುಂದೆ ಪುಟ ಹಿಡಿದು, "ಅಮ್ಮ ಸಾಯ್ತಿದ್ರೆ ನೀವು ಕೋಲು ನೋಡ್ತಾ ನಿಂತಿದ್ರಿ" ಎಂದೆ. ಅವರು ಬಹಳ ಹೊತ್ತು ಪುಟ ನೋಡಿದರು. "ಬರ್ದಿದೆಯಲ್ಲಮ್ಮ, ಇನ್ನೇನು ಹೇಳ್ಲಿ" ಎಂದರು. ಅದಾದ ಮೇಲೆ ಒಂಬತ್ತು ವರ್ಷ ಬದುಕಿದ್ದರು ಅಕ್ಕ. ಒಂದು ಸಲವೂ ನಾನು ಅವರನ್ನು ಅಪ್ಪ ಎಂದು ಕರೆಯಲಿಲ್ಲ.