ತೆಕ್ಲಾಳ ಹೊಟ್ಟೆಯಲ್ಲಿ ಓರೆಸ್ಟ್

ಕಿಡ್ನಿ ಸಂಶೋಧನೆಯ ದಾನಿ ಆಯ್ಕೆ ಸಮಿತಿಯ ಅಧ್ಯಕ್ಷರಿಗೆ,

ಮಾನ್ಯರೇ, ನನಗೆ ಹೊಟ್ಟೆಕಿಚ್ಚು. ಮುಚ್ಚಿಡುವುದಿಲ್ಲ. ನಲವತ್ತೊಂದು ವರ್ಷದಿಂದ ನನ್ನೊಂದಿಗೆ ಬಾಳುತ್ತಿರುವ ಹೆಂಡತಿ ತೆಕ್ಲಾಳ ಹೊಟ್ಟೆಗೆ ತಾವು ನಮ್ಮೂರಿನ ಓರೆಸ್ಟನ ಬ್ಯಾಕ್ಟೀರಿಯಾಗಳನ್ನು ಗುಳಿಗೆಯಲ್ಲಿ ತುಂಬಿ ಕಳಿಸಿದ್ದೀರಿ. ಮದುವೆಗೆ ಮುಂಚೆ ಚರ್ಚಿನ ಸಭಾಂಗಣದಲ್ಲಿ ಅವಳ ಕೈ ಹಿಡಿದು ಕುಣಿಯುತ್ತಿದ್ದ ಅದೇ ಓರೆಸ್ಟ್! ಇಡೀ ಸಸ್ಕಾಚೆವಾನ್ ಪ್ರಾಂತ್ಯದಲ್ಲಿ ತಮಗೆ ಬೇರೆ ಕರುಳು ಸಿಗಲಿಲ್ಲವೇ?

ತಮ್ಮ ತರ್ಕ ನನಗೆ ತಿಳಿಯದ್ದಲ್ಲ. ತಿಂದ ಮಾಂಸ, ಮೊಟ್ಟೆಯಿಂದ ಕರುಳಿನ ಕೆಲವು ಬ್ಯಾಕ್ಟೀರಿಯಾಗಳು ವಿಷ ಹುಟ್ಟಿಸುತ್ತವೆ. ಸೋತ ಕಿಡ್ನಿ ಅದನ್ನು ಸೋಸಲಾರದು. ರಕ್ತದಲ್ಲಿ ಉಳಿದ ವಿಷ ಕಿಡ್ನಿಯನ್ನೂ ಕರುಳನ್ನೂ ಇನ್ನಷ್ಟು ಕೆಡಿಸುತ್ತದೆ. ಆರೋಗ್ಯವಂತರ ಮಲದಿಂದ ಒಳ್ಳೆಯ ಬ್ಯಾಕ್ಟೀರಿಯಾ ತೆಗೆದು ಕೊಟ್ಟರೆ ಈ ಸುತ್ತು ಮುರಿದೀತೇ ಎಂಬುದೇ ತಮ್ಮ ಪ್ರಯೋಗ. ತೆಕ್ಲಾಳ ಕಿಡ್ನಿಗಳಲ್ಲಿ ಉಳಿದಿರುವುದು ಐದರಲ್ಲೊಂದು ಪಾಲು ಶಕ್ತಿ. ಅದೂ ಹೋದರೆ ವಾರಕ್ಕೆ ಮೂರು ಸಲ ಹಿಮದ ರಸ್ತೆಯಲ್ಲಿ ನೂರೈವತ್ತು ಕಿಲೋಮೀಟರ್ ಹೋಗಿ ಡಯಾಲಿಸಿಸ್ ಮಾಡಿಸಬೇಕು. ಆದ್ದರಿಂದ, ಪರಿಚಯದ ದಾನಿಗಳನ್ನು ಕರೆತನ್ನಿ ಎಂದು ತಾವು ಹೇಳಿದಾಗ ಮೊದಲು ಕೈ ಎತ್ತಿದವನು ನಾನು.

ನನ್ನ ಕಿಡ್ನಿ ಅವಳಿಗೆ ಹೊಂದುವುದಿಲ್ಲವೆಂದು ಹಿಂದೆಯೇ ಹೇಳಿದ್ದಿರಿ. ಈಗ ನನ್ನ ಮಲವೂ ಬೇಡವಾಯಿತು! ಗಂಡನೆನಿಸಿಕೊಂಡವನು ಇನ್ನೇನು ಕೊಡಬೇಕು ಸ್ವಾಮಿ? ತಪ್ಪು ನನ್ನದೇ. ಮಾರ್ಚಿನಲ್ಲಿ ಹಸುಗಳು ಒಂದರ ಹಿಂದೊಂದು ಕರು ಹಾಕುತ್ತಿದ್ದಾಗ ನನ್ನ ದವಡೆ ಬಾತುಕೊಂಡಿತು. ಆ ಹೊತ್ತಿನಲ್ಲಿ ಕೊಟ್ಟಿಗೆ ಬಿಟ್ಟು ಹಲ್ಲಿನ ಡಾಕ್ಟರ ಬಳಿ ಹೋಗುವವರುಂಟೇ? ಕರುಗಳಿಗೆಂದು ತಂದು ಉಳಿದಿದ್ದ ಆಂಟಿಬಯೋಟಿಕ್ ಮಾತ್ರೆಯನ್ನು ಮುರಿದು ನುಂಗಿದೆ. ದನ ಸಾಕುವ ನಮ್ಮಲ್ಲಿ ಈ ಮೂರ್ಖತನ ಮಾಡಿದವರು ಬಹಳ, ಅದನ್ನು ತಮ್ಮ ಅರ್ಜಿಯಲ್ಲಿ ಬರೆದುಕೊಟ್ಟ ಮೂರ್ಖ ನಾನೊಬ್ಬನೇ. ಆ ಮಾತ್ರೆ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳನ್ನೂ ಕೊಲ್ಲುತ್ತದೆಂದು, ಆರು ತಿಂಗಳು ಅನರ್ಹ ಎಂದು ತಾವು ಮುದ್ರೆ ಒತ್ತಿದಿರಿ.

"ಕರುವಿನ ಔಷಧಿ ತಿಂದಾಯ್ತಲ್ಲ, ಇನ್ನು ಅಂಬಾ ಅನ್ನೋದೊಂದು ಬಾಕಿ," ಎಂದಳು ತೆಕ್ಲಾ.

ಈಗ ಅವಳ ಮೈ ತುರಿಕೆ ಕಡಿಮೆಯಾಗಿದೆ, ಊಟ ಸೇರುತ್ತಿದೆ. ಸಂತೋಷವೇ. ಆದರೆ ಹಿಟ್ಟು ಲಟ್ಟಿಸುತ್ತಾ ಆ ಹಳೆಯ ಕುಣಿತದ ಹಾಡನ್ನೇ ಗುನುಗಬೇಕೇ?

"ಒಳಗೆ ಅವ್ನು ಕುಣೀತಿದಾನೇನೋ," ಎಂದೆ.

"ಅವ್ನು ಕೊಟ್ಟಿದ್ದೇನು ಅಂತ ನೆನಪಿದ್ಯಾ? ಅದಕ್ಕೂ ಹೊಟ್ಟೆ ಉರ್ಕೋತಾನಲ್ಲಪ್ಪ ಈ ಮನುಷ್ಯ!"

ಇದಕ್ಕಿಂತ ದೊಡ್ಡ ಅವಮಾನ ಬೇರೆಯಿದೆ. ದಾನಿಯು ಸೊಪ್ಪು, ಕಾಳು ಹೆಚ್ಚಾಗಿ ತಿನ್ನಬೇಕೆಂಬುದು ತಮ್ಮ ನಿಯಮ. ಹೆಂಡತಿ ತೀರಿಕೊಂಡ ಓರೆಸ್ಟನೋ ಮೂರು ಹೊತ್ತೂ ಹುರಿದ ಹಂದಿಮಾಂಸದ ಮೇಲೆ ಬದುಕುವ ಪ್ರಾಣಿ. ಅವನ ಬ್ಯಾಕ್ಟೀರಿಯಾ ಹಸಿದರೆ ಕೆಡುವುದು ಯಾರ ಕಿಡ್ನಿ? ಹಾಗಾಗಿ ದಿನವೂ ನಾನೇ ನಮ್ಮ ಜಾಡಿಯ ಹುಳಿ ಎಲೆಕೋಸು, ಬೀಟ್‌ರೂಟ್ ಸಾರು, ಬೇಯಿಸಿದ ಹುರುಳಿಕಾಯಿ ಹೊತ್ತುಕೊಂಡು ಅವನ ಮನೆಗೆ ಹೋಗುತ್ತೇನೆ. ತಟ್ಟೆ ಖಾಲಿಯಾಗುವವರೆಗೂ ಎದುರಿಗೆ ಕೂರುತ್ತೇನೆ.

"ಉಪ್ಪು ಸಾಲ್ದು ಕಣೋ ವಸೀಲ್," ಎನ್ನುತ್ತಾನೆ ಪುಣ್ಯಾತ್ಮ.

ಮಾನ್ಯರೇ, ನನ್ನ ಆರು ತಿಂಗಳು ಕಳೆದ ಮಂಗಳವಾರಕ್ಕೆ ಮುಗಿಯಿತು. ನನ್ನನ್ನು ಮತ್ತೆ ಪರೀಕ್ಷಿಸಿ. ನನ್ನ ಬ್ಯಾಕ್ಟೀರಿಯಾಗಳು ಚೆನ್ನಾಗಿದ್ದರೆ ಅವಳ ಮುಂದಿನ ಗುಳಿಗೆ ನನ್ನದಾಗಲಿ, ಇದು ನನ್ನ ಹಕ್ಕೊತ್ತಾಯ. ಅವನವೇ ಮೇಲಾಗಿದ್ದರೆ ನನ್ನ ಮುಖ ನೋಡಿ ಕನಿಕರಪಡಬೇಡಿ, ಅವನವನ್ನೇ ಕೊಡಿ. ಎಲೆಕೋಸಿನ ಹೊಸ ಜಾಡಿಯನ್ನು ನಿನ್ನೆಯೇ ತುಂಬಿಟ್ಟಿದ್ದೇನೆ.

ಇಂತಿ,
ಓರೆಸ್ಟನಿಗೆ ಬೇಯಿಸಿ ಹಾಕುತ್ತಿರುವ
ತೆಕ್ಲಾಳ ಗಂಡ ವಸೀಲ್