ಅಕ್ಕನಿಗೊಂದು ಬಟ್ಟಲು ಮ್ಯಾಕರೋನಿ

ಮಾರ್ಚ್ 3, ಸೋಮವಾರ

ಮ್ಯಾಕರೋನಿಯ ಸಾಸ್ ಇವತ್ತೂ ಕೆಟ್ಟಿತು. ಬೆಣ್ಣೆ ಕರಗಿಸಿ ಮೈದಾ ಹಾಕಿದೆ. ಅಲ್ಲಿವರೆಗೆ ಸರಿ. ಹಾಲನ್ನ ಒಂದೇ ಸಲ ಸುರಿದುಬಿಟ್ಟೆ — ಬರೀ ಗಂಟು. ಅಷ್ಟರಲ್ಲಿ ಪಕ್ಕದ ಒಲೆ ಮೇಲೆ ಮ್ಯಾಕರೋನಿ ಬೆಂದು ಕರಗಿಹೋಗಿತ್ತು. ಇವರು ಬಗ್ಗಿ ನೋಡಿ, ಎಸೀಬೇಡ, ಗೋಡೆಗೆ ಪೋಸ್ಟರ್ ಅಂಟಿಸೋಕೆ ಆಗುತ್ತೆ ಅಂದರು. ಅಕ್ಕನಿಗೆ ನಗು. ನಕ್ಕರೆ ದವಡೆ ನೋಯುತ್ತೆ. ಗಲ್ಲ ಹಿಡಿದುಕೊಂಡು ಮೂಗಲ್ಲೇ ನಕ್ಕಳು.

ಸೈಕಲ್‌ನಿಂದ ಬಿದ್ದು ದವಡೆ ಮುರಿದುಕೊಂಡವಳು. ಈ ವಯಸ್ಸಲ್ಲಿ ಸೈಕಲ್ ಯಾಕೆ ಅಂದರೆ ಕೇಳಬೇಕಲ್ಲ. ಒಬ್ಬಳೇ ಇರೋದು ಬೇಡ ಅಂತ ನಾನೇ ಹಟ ಮಾಡಿ ಕರಕೊಂಡು ಬಂದೆ. ದವಡೆಗೆ ಕಟ್ಟಿದ್ದ ತಂತಿ ಬಿಚ್ಚಿದ್ದಾರೆ, ಆದರೂ ಇನ್ನೂ ಅಗಿಯೋ ಹಾಗಿಲ್ಲ. ಸೂಪು, ಕಿವುಚಿದ ಬಾಳೆಹಣ್ಣು... ತಟ್ಟೆ ಕಂಡರೆ ಮುಖ ತಿರುಗಿಸ್ತಾಳೆ. ಚೀಸ್ ಹಾಕಿದ ಮ್ಯಾಕರೋನಿ ತಿನ್ನಬೇಕು ಅಂತ ಬಾಯಿಬಿಟ್ಟು ಕೇಳಿದ್ದಾಳೆ. ಪ್ಯಾಕೆಟ್‌ದು ಬೇಡವಂತೆ. ಅದು ಬಣ್ಣದ ಪುಡಿಯಂತೆ.

ಮಾರ್ಚ್ 5

ನಾನು ಕೆಲಸ ಮಾಡೋ ಕಣ್ಣಿನ ಕ್ಲಿನಿಕ್‌ನಲ್ಲಿ ಇವತ್ತು ಜಾತ್ರೆ. ಪೇಷಂಟ್‌ಗಳ ಹೆಸರು ಕರೆದೂ ಕರೆದೂ ಗಂಟಲು ಒಣಗಿತು. ಅಕ್ಕ ಇಷ್ಟು ವರ್ಷ ರೇಡಿಯೋದಲ್ಲಿ ಬೆಳಗಿನ ವಾರ್ತೆ ಹೇಗೆ ಓದಿದಳೋ.

ಸಂಜೆ ಮತ್ತೆ ಒಲೆ ಮುಂದೆ. ಹಾಲು ಬೆಚ್ಚಗೆ ಮಾಡಿಕೊಂಡು ಸ್ವಲ್ಪ ಸ್ವಲ್ಪವೇ ಬಿಟ್ಟೆ. ಗಂಟಿಲ್ಲ! ಆ ಖುಷಿಯಲ್ಲಿ ಚೀಸ್ ಹಾಕಿ ಕುದಿಸಿದೆ. ಒಡೆಯಿತು. ಮೇಲೆ ಎಣ್ಣೆ, ಕೆಳಗೆ ಮರಳು ಮರಳು. ಆದರೂ ಅಕ್ಕ ತಿಂದಳು. ಹಸಿವಿಗೋ, ನನ್ನ ಮುಖ ನೋಡಿಯೋ.

ಆಮೇಲೆ ರೂಮಿನಿಂದ ದನಿ. ಕನ್ನಡಿ ಮುಂದೆ ನಿಂತು ಪೇಪರ್ ಗಟ್ಟಿಯಾಗಿ ಓದ್ತಿದ್ದಾಳೆ. "ಸ" ಬರಬೇಕಾದ ಕಡೆ "ಶ" ಬರ್ತಿದೆ. ಶರ್ಕಾರ. ಶಭೆ. ಅದೇ ಸಾಲು, ಮತ್ತೆ ಅದೇ ಸಾಲು. ಬರೋ ಸೋಮವಾರ ಕೆಲಸಕ್ಕೆ ಹೋಗ್ತಾಳಂತೆ. ಹೂಂ ಅಂದೆ.

ಮಾರ್ಚ್ 7

ಅಕ್ಕ ಸ್ನಾನಕ್ಕೆ ಹೋಗಿದ್ದಾಗ ಅವಳ ಫೋನ್ ರಿಂಗಾಯಿತು. ನಾನೇ ಎತ್ತಿದೆ. ರೇಡಿಯೋ ಕೇಂದ್ರದ ನಿರ್ದೇಶಕರು. ಸೋಮವಾರ ಬರ್ತಾರಲ್ಲ, ಹೇಗಿದ್ದಾರೆ ಅಂತ ವಿಚಾರಿಸಿದರು.

ಇದ್ದದ್ದು ಇದ್ದ ಹಾಗೆ ಹೇಳಿದೆ. ನಾಲಿಗೆ ಇನ್ನೂ ತಿರುಗ್ತಿಲ್ಲ, ಅವಳು ಒಪ್ಪಿಕೊಳ್ಳೋಳಲ್ಲ, ಹೋಗಿ ಮೈಕ್ ಮುಂದೆ ಕೂತು ನಗೆಪಾಟಲಾಗೋದು ಬೇಡ, ನೀವೇ ಇನ್ನಷ್ಟು ದಿನ ರೆಸ್ಟ್ ತಗೊಳ್ಳಿ ಅನ್ನಿ ಅಂದೆ. ತಿಳಿಸಿದ್ದು ಒಳ್ಳೇದಾಯಿತು ಅಂದರು.

ಅಕ್ಕನಿಗೆ ಹೇಳಿಲ್ಲ. ಹೇಳಿದರೆ ಉಗೀತಾಳೆ. ಅವರೇ ಫೋನ್ ಮಾಡಿ ಹೇಳ್ತಾರೆ ಬಿಡು.

ಮಾರ್ಚ್ 8, ಶನಿವಾರ

ಬಂತು! ಗುಟ್ಟು ಇಷ್ಟೇ — ಒಲೆ ಆರಿಸಿ ಆಮೇಲೆ ಚೀಸ್. ತುರಿದು ಪ್ಯಾಕ್ ಮಾಡಿದ್ದು ಬೇಡ, ಗಟ್ಟಿ ತುಂಡು ತಂದು ನಾವೇ ತುರೀಬೇಕು. ಚಿಟಿಕೆ ಮೆಣಸಿನ ಪುಡಿ. ಸಾಸ್ ಚಮಚದಿಂದ ರೇಷ್ಮೆ ಹಾಗೆ ಇಳಿಯಿತು. ಅಕ್ಕ ಬಟ್ಟಲು ಬಳಿದು ತಿಂದಳು, ಇನ್ನೊಂಚೂರು ಹಾಕು ಅಂದಳು. ಕಣ್ಣು ಮುಚ್ಚಿಕೊಂಡು ತಿನ್ನೋಳ ಮುಖ ನೋಡ್ತಾ ಕೂತೆ. ಫೋನಿನ ವಿಷಯ ಹೇಳೋಕೆ ಅದೇ ಸರಿಯಾದ ಹೊತ್ತಾಗಿತ್ತು. ಬಟ್ಟಲು ಎತ್ತಿಕೊಂಡು ಎದ್ದುಬಿಟ್ಟೆ.

ಮಾರ್ಚ್ 10, ಸೋಮವಾರ

ಬರೆಯೋಕೆ ಕೈ ಬರ್ತಿಲ್ಲ.

ಅಕ್ಕ ಬೆಳಗ್ಗೆ ನಾವು ಏಳೋ ಮುಂಚೆ ಇಸ್ತ್ರಿ ಬಟ್ಟೆ ಹಾಕಿಕೊಂಡು ಹೊರಟಿದ್ದಳು. ನಿರ್ದೇಶಕರು ಅವಳಿಗೆ ಫೋನ್ ಮಾಡಿರಲೇ ಇಲ್ಲ. ನಾನು ರಜೆ ಹಾಕಿ, ಬೇಜಾರಲ್ಲಿ ಬರ್ತಾಳೆ, ಬಿಸಿಬಿಸಿ ಕೊಡೋಣ ಅಂತ ಸಾಸ್ ಕದಡ್ತಾ ನಿಂತಿದ್ದೆ.

ಬಂದು ಅಡುಗೆಮನೆ ಬಾಗಿಲಲ್ಲಿ ನಿಂತಳು. ಚಪ್ಪಲಿ ಕೂಡ ಬಿಟ್ಟಿರಲಿಲ್ಲ. ಅವಳ ಕುರ್ಚಿಯಲ್ಲಿ ಬೇರೆ ಹುಡುಗಿ ಕೂತಿದ್ದಳಂತೆ. ವರ್ಷದ ಕೊನೆವರೆಗೂ ಬೆಳಗಿನ ವಾರ್ತೆ ಆ ಹುಡುಗಿಗೇ ಕೊಟ್ಟಾಗಿದೆಯಂತೆ. ನಿಮ್ಮ ತಂಗಿ ಎಲ್ಲ ಹೇಳಿದ್ದಾರೆ, ಆರಾಮಾಗಿರಿ ಅಂದರಂತೆ ನಿರ್ದೇಶಕರು. ತನ್ನನ್ನ ಓದಿಸಿ ನೋಡಲೂ ಇಲ್ಲವಂತೆ.

ನಿನ್ನ ಒಳ್ಳೇದಕ್ಕೇ ಅಂತ ಶುರು ಮಾಡಿದೆ.

"ದವಡೆ ಮುರಿದಿತ್ತು ಕಣೇ. ಮಾತು ನನ್ನದೇ ಇತ್ತಲ್ಲ. ನನ್ನ ಬದಲು ನೀನ್ಯಾಕೆ ಆಡಿದೆ?"

ದನಿ ಏರಿಸಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ರೂಮಿಗೆ ಹೋಗಿ ಬ್ಯಾಗ್ ತುಂಬಿಕೊಂಡಳು. ನನ್ನ ಕೈ ಮಾತ್ರ ಸೌಟು ತಿರುಗಿಸ್ತಾನೇ ಇತ್ತು. ನಿಲ್ಲಿಸಿದರೆ ತಳ ಹಿಡಿಯುತ್ತೆ ಅನ್ನೋ ಯೋಚನೆ, ಆಗಲೂ. ಥೂ. ಒಲೆ ಆರಿಸಿ ಹೊರಗೆ ಓಡೋ ಹೊತ್ತಿಗೆ ಆಟೋ ತಿರುವು ದಾಟಿತ್ತು.

ಮಾರ್ಚ್ 19

ನಾನು ಮಾಡಿದರೆ ಅಕ್ಕ ಫೋನ್ ಎತ್ತಲ್ಲ. ಇವರು ಮಾಡಿದರೆ ಎತ್ತಿ, ಚೆನ್ನಾಗಿದ್ದೀನಿ ಅಂತ ಇಡ್ತಾಳೆ.

ಇವತ್ತು ರೇಡಿಯೋ ಕೇಂದ್ರಕ್ಕೆ ಹೋಗಿದ್ದೆ. ನಿರ್ದೇಶಕರು ಕೂರಿಸಿ ಕಾಫಿ ತರಿಸಿದರು. ನಾನು ಹೇಳಿದ್ದನ್ನ ಮರೆತುಬಿಡಿ ಅಂದೆ. ಹಾಗಾದರೆ ನೀವು ಹೇಳಿದ್ದು ಸುಳ್ಳಾ ಅಂತ ಕೇಳಿದರು. ಸುಳ್ಳಾಗಿದ್ದರೆ ತಪ್ಪಾಯಿತು ಅಂತ ಕೈಮುಗಿದು ಬರಬಹುದಿತ್ತು. ನಿಜವೇ. ಆದರೆ ಅದು ಅಕ್ಕ ಆಡಬೇಕಾದ ನಿಜ. ಅಥವಾ ಆಡದೆ ಇರಬೇಕಾದ್ದು.

ಕಾಫಿ ಹಾಗೇ ಬಿಟ್ಟು ಬಂದೆ.

ಏಪ್ರಿಲ್ 6, ಭಾನುವಾರ

ಅಕ್ಕನ ಮನೆಗೆ ಹೋದೆ. ಹೇಳದೆ ಕೇಳದೆ. ಡಬ್ಬಿಯಲ್ಲಿ ಮ್ಯಾಕರೋನಿ. ಬಾಗಿಲು ತೆಗೆಯಲ್ಲ ಅಂತಲೇ ಅಂದುಕೊಂಡಿದ್ದೆ. ತೆಗೆದಳು.

ಸೊರಗಿದ್ದಾಳೆ. ಮಾತು ಕಲಿಸೋ ಥೆರಪಿಸ್ಟ್ ಹತ್ತಿರ ಹೋಗ್ತಿದ್ದಾಳಂತೆ. ರೇಡಿಯೋದವರು ಹೊಸಬರಿಗೆ ಇಡೋ ಪರೀಕ್ಷೆಗೆ ಬನ್ನಿ ಅಂದಿದ್ದಾರಂತೆ. ಇವಳ ದನಿ ಕೇಳಿ ಬೆಳೆದ ಮಕ್ಕಳ ಜೊತೆ ಸಾಲಲ್ಲಿ ನಿಲ್ಲಬೇಕು. ನಿಲ್ತಾಳಂತೆ. ಇದನ್ನೆಲ್ಲ ಹವಾಮಾನ ವರದಿ ಓದೋ ಹಾಗೆ ಹೇಳಿದಳು.

ನಾನು ಕಾರಲ್ಲಿ ಬಿಡ್ತೀನಿ ಅಂದೆ.

"ಬೇಡ. ನಾನೇ ಹೋಗ್ತೀನಿ."

ಡಬ್ಬಿ ತೆಗೆದಳು. ತರೋ ದಾರಿಯಲ್ಲಿ ಸಾಸ್ ಬಿಗಿದುಕೊಂಡಿತ್ತು. ಚೂರು ಹಾಲು ಹಾಕಿ ಬಿಸಿ ಮಾಡಿಕೊಡಲಾ ಅಂತ ಎದ್ದೆ. ಕೂರು ಅಂದಳು. ತಾನೇ ಹಾಲು ಹಾಕಿ, ಸಣ್ಣ ಉರಿಯಲ್ಲಿ ಇಟ್ಟು ಕದಡಿದಳು. ಬಟ್ಟಲು ಎರಡು ತಂದಳು. ಇಬ್ಬರೂ ತಿಂದೆವು. ಥೆರಪಿಸ್ಟ್ ಬಗ್ಗೆ, ನಲ್ಲಿ ಸೋರೋದರ ಬಗ್ಗೆ ಮಾತು. ಅವಳಾಗೇ ಆ ವಿಷಯ ಎತ್ತಲಿ ಅಂತ ನಾನು ಕಾದೆ. ನಾನು ಎತ್ತಲಿ ಅಂತ ಅವಳು ಕಾದಳೇನೋ. ಮೆಟ್ಟಿಲು ಇಳಿಯುವಾಗ ಬಾಗಿಲಲ್ಲಿ ಇನ್ನೂ ನಿಂತಿದ್ದಳು. ನಾನು ತಿರುಗಿ, ಡಬ್ಬಿ ಆಮೇಲೆ ಕೊಡುವೆಯಂತೆ ಅಂದೆ. ಅಷ್ಟೇ ಬಂತು ಬಾಯಿಗೆ.

ನಾಳೆ ಫೋನ್ ಮಾಡ್ತೀನಿ. ಎತ್ತಿದರೆ ಏನು ಹೇಳಬೇಕು ಅಂತ ಇಲ್ಲೇ ಬರೆದುಕೊಳ್ಳೋಣ, ತಡವರಿಸಬಾರದು.

ಅಕ್ಕ, ಅವತ್ತು ನಿನ್ನನ್ನ ಯಾರೂ ಆಡಿಕೊಳ್ಳಬಾರದು ಅಂತ —

ಅಲ್ಲ. ಮತ್ತೆ ಅದೇ ಸಬೂಬು.

ಅಕ್ಕ, ನಾನು —